ಕ್ಲಚ್ಚಿಲ್ಲದ ಕಾರು, ಅಪ್ಪನ ಕೊಡೆ

"ನಿನ್ನ ಆ ಕ್ಲಚ್ಚಿಲ್ಲದ ಕಾರು ಇದ್ಯಲ್ಲ, ಅದನ್ನ ಓಡಿಸೋದು ನಂಗೂ ಹೇಳ್ಕೊಡ್ತೀಯೇನಾ?"

2024ರ ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಫೋನ್ ಮಾಡಿ ಕೇಳಿದ್ದು ಇಷ್ಟೇ. ಎಡಗಾಲಿನ ಮಂಡಿ ನೋವು ಜಾಸ್ತಿಯಾಗಿದೆ, ಓಮ್ನಿಯ ಕ್ಲಚ್ ಒತ್ತಿ ಒತ್ತಿ ತೀರ್ಥಹಳ್ಳಿ ಪೇಟೆಗೆ ಹೋಗಿ ಬರೋದ್ರೊಳಗೆ ಜೀವ ಹೋಗತ್ತೆ, ಡಾಕ್ಟ್ರು ಗಾಡಿ ಬಿಡಬೇಡಿ ಅಂದಿದಾರೆ, ಗಾಡಿ ಬಿಡದೆ ತೋಟ, ಪೇಟೆ, ಸೊಸೈಟಿ ಅಂತ ಓಡಾಡೋದು ಹೆಂಗೆ... ಹೀಗೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ "ಆಯ್ತು" ಅನ್ನೋಕೆ ಆಗ್ಲಿಲ್ಲ. "ನೋಡೋಣ, ದಸರಾ ರಜೆಗೆ ಬಂದಾಗ" ಅಂತ ಹೇಳಿ ಫೋನ್ ಇಟ್ಟೆ.

ಯಾಕೆ ಅಂದ್ರೆ, ಅದೇ ಕಾರಿನಲ್ಲಿ, ಅದರ ಹಿಂದಿನ ವರ್ಷ, ನಾನು ಅಪ್ಪನ ಮೇಲೆ ಕಾರು ಹತ್ತಿಸೋದು ಸ್ವಲ್ಪದರಲ್ಲಿ ತಪ್ಪಿತ್ತು. ಈ ವಿಷಯ ಗೊತ್ತಿರೋದು ಇಬ್ಬರಿಗೆ ಮಾತ್ರ. ಅಪ್ಪನಿಗೆ ಮತ್ತೆ ನನಗೆ. ಅಮ್ಮನಿಗೆ ಇವತ್ತಿಗೂ ಅರ್ಧ ಕಥೆ ಮಾತ್ರ ಗೊತ್ತು.

ಕಾರಿನ ಬಗ್ಗೆ ಮೊದಲು ಹೇಳ್ತೀನಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ಕ್ಲಚ್ ತುಳಿದು ಸಾಕಾಗಿ 2022ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗೊಂಡೆ. 2017ರ ಮಾಡೆಲ್ಲು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ರಿವರ್ಸ್ ಸೆನ್ಸರ್ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಹಾಗಾಗಿ ನನ್ನದಕ್ಕೆ ಸೆನ್ಸರೂ ಇಲ್ಲ, ಕ್ಯಾಮೆರಾವೂ ಇಲ್ಲ. ಮೂರು ಕನ್ನಡಿ, ಒಂದು ಕುತ್ತಿಗೆ, ಅಷ್ಟೇ.

ಆಟೋಮ್ಯಾಟಿಕ್ ಅಂದ್ರೆ ಅದರಲ್ಲೂ ಜಾತಿಗಳಿವೆ. ನನ್ನದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋ ಬಂದಾಗಿಂದ ನಮ್ಮಲ್ಲಿ ಮನೆಮಾತಾದ ಜಾತಿ ಇದು. ಒಳಗಿರೋದು ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ಚು. ನಮ್ಮ ಎಡಗಾಲು ಮತ್ತು ಎಡಗೈ ಮಾಡ್ತಿದ್ದ ಕೆಲಸವನ್ನ ಒಂದು ಯಂತ್ರ ಮಾಡುತ್ತೆ ಅಷ್ಟೇ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕಂದ್ರೆ ಇಪ್ಪತ್ತು ವರ್ಷದ ಹಳೇ ಕೋಡಿಗೆ ಒಂದು ಹೊಸ ಸ್ಕ್ರೀನ್ ಹಾಕಿ ಕಸ್ಟಮರಿಗೆ ಕೊಟ್ಟ ಹಾಗೆ. ಅಗ್ಗ, ಮೈಲೇಜೂ ಚೆನ್ನಾಗಿ ಕೊಡುತ್ತೆ. ಆದ್ರೆ ಒಳಗಿರೋ ಹಳೇ ಕೋಡಿನ ಬುದ್ಧಿ ಆಗಾಗ ಹೊರಗೆ ಬರುತ್ತೆ. ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಸಂಬಂಧ. ಹಾಗಾಗಿ ಬ್ರೇಕ್ ಬಿಟ್ಟ ಕೂಡಲೇ ಕಾರು ನಿಧಾನಕ್ಕೆ ತೆವಳುತ್ತೆ, ಸಣ್ಣ ಏರಿನಲ್ಲಿ ಹಿಂದೆ ಜಾರೋದೂ ಕಮ್ಮಿ. ಎಎಂಟಿಯಲ್ಲಿ ಕ್ಲಚ್ ಕಚ್ಚಿಕೊಳ್ಳೋಕೆ ಒಂದು ಕ್ಷಣ ಬೇಕು. ಸಮತಟ್ಟಿನಲ್ಲಿ ಆ ಒಂದು ಕ್ಷಣ ಗೊತ್ತೇ ಆಗಲ್ಲ. ಏರಿನಲ್ಲಿ, ಹಿಲ್ ಹೋಲ್ಡ್ ಇಲ್ಲದ ನನ್ನಂಥ ಹಳೇ ಕಾರಿನಲ್ಲಿ, ಅಷ್ಟರೊಳಗೆ ಕಾರು ಇಳಿಜಾರಿನ ಕಡೆ ಜಾರಿರುತ್ತೆ.

ಬೆಂಗಳೂರಿನಲ್ಲಿ ಒಂದು ವರ್ಷ ಓಡಿಸಿದ ಮೇಲೆ ನಾನು ಆಟೋಮ್ಯಾಟಿಕ್ ಪಂಡಿತ ಅಂದುಕೊಂಡಿದ್ದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಲಿತಿದ್ದು ಮಲೆನಾಡಿನ ಮಳೆಯಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ 2023ರ ಜುಲೈನಲ್ಲಿ ಗೊತ್ತಾಯ್ತು.

ಅಮ್ಮನ ಕಣ್ಣು ತೋರಿಸೋಕೆ ಉಡುಪಿ ಕಡೆಯ ಒಂದು ಆಸ್ಪತ್ರೆಗೆ ಹೋಗಬೇಕಿತ್ತು. ತೀರ್ಥಹಳ್ಳಿಯಿಂದ ಆಗುಂಬೆ, ಘಾಟಿ ಇಳಿದ್ರೆ ಸೋಮೇಶ್ವರ, ಹೆಬ್ರಿ, ಹಿರಿಯಡ್ಕ. ಓಮ್ನಿಯಲ್ಲಿ ಅಪ್ಪ ಈ ದಾರಿಯಲ್ಲಿ ಎಷ್ಟು ಸಲ ಹೋಗಿದಾರೋ ಲೆಕ್ಕವಿಲ್ಲ. ನಾನು ಸ್ವತಃ ಓಡಿಸಿದ್ದು ಅದೇ ಮೊದಲು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳೋ ಊರು ಆಗುಂಬೆ, ಅದರಲ್ಲೂ ಜುಲೈ ತಿಂಗಳು. ಕೇಳಬೇಕಾ?

ಹೊರಡೋವಾಗ ಅಪ್ಪ ಕಾರಿನ ಕಿಟಕಿಗೆ ಬಗ್ಗಿ ಹೇಳಿದ್ದು ಒಂದೇ ಮಾತು. "ಘಾಟಿ ಇಳಿಯೋವಾಗ ಗೇರಲ್ಲೇ ಇಳಿ, ಬ್ರೇಕಲ್ಲಿ ಇಳಿಬೇಡ."

"ಇದರಲ್ಲಿ ಗೇರೇ ಇಲ್ಲ ಅಪ್ಪಾ" ಅಂದೆ.

"ಗೇರಿಲ್ಲದ ಕಾರು ಎಲ್ಲಿರತ್ತೆ ಮಾರಾಯ" ಅಂದ್ರು.

ಅವರು ಹೇಳಿದ್ದೇ ಸರಿ. ಆಗುಂಬೆ ಘಾಟಿಗೆ 14 ತಿರುವು. ದೊಡ್ಡ ಬಸ್ಸುಗಳಿಗೆ ಆಗಲ್ಲ ಅಂತಲೇ ಅಲ್ಲಿ ಮಿನಿ ಬಸ್ಸುಗಳು ಓಡೋದು. ಕಾರನ್ನ ಡಿನಲ್ಲಿ ಇಟ್ಟುಕೊಂಡು ಇಳಿಯೋಕೆ ಶುರು ಮಾಡಿದೆ. ಮೊದಲ ಎರಡು ತಿರುವು ಸರಿ ಇತ್ತು. ಆಮೇಲೆ ಶುರುವಾಯ್ತು ನೋಡಿ. ಇಳಿಜಾರು ಅಂದ್ರೆ ಕಾರಿನ ಬುದ್ಧಿಗೆ "ಆಹಾ, ಆಕ್ಸಿಲರೇಟರ್ ಒತ್ತದೇನೇ ವೇಗ ಬರ್ತಿದೆ, ಪೆಟ್ರೋಲ್ ಉಳಿಸೋಣ" ಅಂತ ಅರ್ಥ. ಅದು ಮೂರು, ನಾಲ್ಕು ಅಂತ ಮೇಲಿನ ಗೇರಿಗೆ ಹಾಕ್ತಾ ಹೋಗುತ್ತೆ. ಮೇಲಿನ ಗೇರಿಗೆ ಹೋದಷ್ಟೂ ಎಂಜಿನ್ ಕಾರನ್ನ ಹಿಡಿಯೋದು ಕಮ್ಮಿ. ನಾನು ಬ್ರೇಕ್ ಒತ್ತೋದು, ಬಿಡೋದು, ಮತ್ತೆ ಒತ್ತೋದು. ಆರನೇದೋ ಏಳನೇದೋ ತಿರುವಿನ ಹೊತ್ತಿಗೆ ಸುಟ್ಟ ವಾಸನೆ. ಬ್ರೇಕ್ ಪೆಡಲ್ ಕಾಲಿಗೆ ಮೊದಲಿಗಿಂತ ಮೆತ್ತಗೆ ಅನಿಸ್ತು.

ಈ ಮೆತ್ತಗಾಗೋದು ಯಾಕೆ ಅಂತ ಆಮೇಲೆ ಓದಿಕೊಂಡೆ. ಬ್ರೇಕ್ ಹಿಡಿದೂ ಹಿಡಿದೂ ಹುಟ್ಟಿದ ಬಿಸಿ ಬ್ರೇಕ್ ಎಣ್ಣೆಗೆ ತಲುಪುತ್ತೆ. ಆ ಎಣ್ಣೆಗೆ ಗಾಳಿಯಿಂದ ತೇವ ಹೀರೋ ಗುಣ. ಹೊಸದಾಗಿದ್ದಾಗ ಡಾಟ್ 3 ಎಣ್ಣೆ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿಕೊಂಡ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದ್ದರೆ ಗುಳ್ಳೆ, ಗುಳ್ಳೆ ಬಂದ್ರೆ ನೀವು ಪೆಡಲ್ ಒತ್ತಿದ್ದು ಚಕ್ರಕ್ಕೆ ತಲುಪಲ್ಲ. ನನ್ನ ಕಾರಿನ ಎಣ್ಣೆ ಹಿಂದಿನ ಓನರ್ ಯಾವ ಕಾಲದಲ್ಲಿ ಬದಲಾಯಿಸಿದ್ನೋ, ಬದಲಾಯಿಸಿದ್ನೋ ಇಲ್ವೋ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡೋರು ಸೀಟ್ ಕವರ್ ಹಾಕಿಸೋ ಮೊದಲು ಬ್ರೇಕ್ ಎಣ್ಣೆ ಹಾಕಿಸಿ. ನಾನು ಸೀಟ್ ಕವರ್ ಹಾಕಿಸಿದ್ದೆ. :-)

ಅಲ್ಲೇ ಸ್ವಲ್ಪ ಅಗಲ ಇದ್ದ ಕಡೆ ಕಾರು ನಿಲ್ಲಿಸಿ ಹತ್ತು ನಿಮಿಷ ಕೂತ್ವಿ. ಮಂಜು ಎಷ್ಟಿತ್ತು ಅಂದ್ರೆ ತಡೆಗೋಡೆ ಮೇಲೆ ಕೂತಿದ್ದ ಮಂಗ ಹತ್ತಿರ ಬರೋವರೆಗೂ ಅದು ಮಂಗ ಅಂತ ಗೊತ್ತಾಗ್ಲಿಲ್ಲ. ಅಮ್ಮ "ಎಂತಕ್ಕೆ ನಿಲ್ಸಿದ್ದು?" ಅಂದ್ರು. "ವ್ಯೂ ನೋಡಕ್ಕೆ" ಅಂದೆ. ವ್ಯೂ ಎಲ್ಲಿ ಬಂತು, ಪೂರಾ ಬಿಳಿ.

ಆಮೇಲೆ ಗೇರ್ ಲಿವರನ್ನ ಎಂ ಕಡೆಗೆ ತಳ್ಳಿ ಎರಡನೇ ಗೇರಿಗೆ ತಂದು ಇಳಿಸಿದೆ. ಎಂಜಿನ್ ಗುಂಯ್ ಅಂತ ಕೂಗುತ್ತೆ, ಕಿವಿಗೆ ಏನೋ ತಪ್ಪಾಗ್ತಿದೆ ಅನಿಸುತ್ತೆ, ಆದ್ರೆ ಕಾರು ತಾನೇ ಹಿಡಿದುಕೊಂಡು ಇಳಿಯುತ್ತೆ. ತಿರುವಿನ ಹತ್ತಿರ ಮಾತ್ರ ಬ್ರೇಕ್. ಅದೂ ತಿರುವಿಗೆ ಮುಂಚೆ, ನೇರ ಇರೋವಾಗ, ಒಂದು ಸಲ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡೋದು. ಆ ವರ್ಷಪೂರ್ತಿ ನಾನು ಒಂದು ಸಲವೂ ಮುಟ್ಟದಿದ್ದ ಎಂ ಅಕ್ಷರ ಅದು. ಟಾರ್ಕ್ ಕನ್ವರ್ಟರ್ ಕಾರುಗಳಲ್ಲಿ ಅದೇ ಕೆಲಸಕ್ಕೆ ಎಲ್ ಅಂತಲೋ 2 ಅಂತಲೋ ಇರುತ್ತೆ. ಪೆಟ್ರೋಲ್ ಉಳಿಯುತ್ತೆ ಅಂತ ಇಳಿಜಾರಿನಲ್ಲಿ ಎನ್‌ಗೆ ಹಾಕೋ ಮಹಾನುಭಾವರೂ ಇದ್ದಾರೆ. ಹಾಗೆ ಹಾಕಿದ್ರೆ ಎಂಜಿನ್ ಹಿಡಿಯೋದು ಸೊನ್ನೆ, ಎಲ್ಲಾ ಭಾರ ಬ್ರೇಕಿನ ಮೇಲೆ. ನಿಜ ಹೇಳಬೇಕಂದ್ರೆ ಈಗಿನ ಕಾರುಗಳಲ್ಲಿ ಪೆಟ್ರೋಲೂ ಉಳಿಯಲ್ಲ. ಗೇರಿನಲ್ಲಿ ಇಳಿಯೋವಾಗ ಎಂಜಿನ್ನಿಗೆ ಪೆಟ್ರೋಲ್ ಹೋಗೋದನ್ನೇ ಕಾರು ನಿಲ್ಲಿಸಿರುತ್ತೆ, ಎನ್‌ನಲ್ಲಿ ಆದ್ರೆ ಐಡಲ್ ಓಡಿಸೋಕೆ ಸ್ವಲ್ಪ ಸುಡಲೇಬೇಕು.

ಘಾಟಿ ಇಳಿದ ಮೇಲಿನ ದಾರಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಹೆಬ್ರಿ ದಾಟಿದ ಮೇಲೆ ಒಂದು ಕಡೆ ರಸ್ತೆ ಮೇಲೆ ನೀರು ನಿಂತಿತ್ತು, ಅದರ ಮೇಲೆ ಹೋದಾಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ ಆಯ್ತು. ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲೋ ಕ್ಷಣ ಅದು. ಪುಣ್ಯಕ್ಕೆ ಏನೂ ಮಾಡಬಾರದು ಅನ್ನೋದು ಗೊತ್ತಿತ್ತು. ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಬಾರದು, ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೀಬೇಕು. ಅಷ್ಟು ಮಾಡಿದೆ, ಟೈರು ಮತ್ತೆ ನೆಲ ಹಿಡೀತು.

ವಾಪಸ್ ಬರೋವಾಗ ಘಾಟಿ ಹತ್ತೋದು. ಎಎಂಟಿಯ ಅಸಲಿ ಬಣ್ಣ ಅಲ್ಲಿ ಬಯಲಾಗುತ್ತೆ. ತಿರುವಿನ ಮಧ್ಯೆ ಅದಕ್ಕೆ ಗೇರ್ ಬದಲಾಯಿಸೋ ಆಸೆ ಹುಟ್ಟುತ್ತೆ. ಬದಲಾಯಿಸೋವಾಗ ಒಂದು ಕ್ಷಣ ಚಕ್ರಕ್ಕೆ ಶಕ್ತಿಯೇ ಇರಲ್ಲ, ಕಾರು ಮುಂದಕ್ಕೆ ತಲೆ ಅಲ್ಲಾಡಿಸುತ್ತೆ. ಹಾಗಾಗಿ ಹತ್ತೋವಾಗಲೂ ಎಂ, ಹೆಚ್ಚಾಗಿ ಎರಡು, ಬಾಲ ಕಚ್ಚೋ ತಿರುವಿನಲ್ಲಿ ಒಂದು. ಮೇಲಿಂದ ಬರೋರು ಹತ್ತೋರಿಗೆ ದಾರಿ ಬಿಡಬೇಕು ಅಂತ ನಿಯಮ ಇದೆ. ಬಿಡದೇ ಬಂದ ಒಂದು ಜೀಪಿಗೋಸ್ಕರ ಏರಿನ ಮಧ್ಯೆ ನಿಲ್ಲಿಸಬೇಕಾಯ್ತು. ಮತ್ತೆ ಹೊರಡೋವಾಗ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಹಾಕೋದ್ರೊಳಗೆ ಕಾರು ಎರಡಡಿ ಹಿಂದಕ್ಕೆ! ಹಿಂದೆ ಇದ್ದ ಮಿನಿ ಬಸ್ಸಿನವನು ಹಾರ್ನ್ ಹೊಡೆದಿದ್ದು ಇನ್ನೂ ಕಿವಿಯಲ್ಲಿದೆ. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕಾರಿನ ಮೂತಿ ಎಳೆದ ಹಾಗಾದಾಗ ಹ್ಯಾಂಡ್‌ಬ್ರೇಕ್ ಬಿಟ್ಟೆ. ಡ್ರೈವಿಂಗ್ ಸ್ಕೂಲಿನಲ್ಲಿ ಓಮ್ನಿಗಿಂತ ಹಳೇ ಕಾರಿನಲ್ಲಿ ಕಲಿಸಿದ್ದ ಪಾಠ, ಆಟೋಮ್ಯಾಟಿಕ್ಕಿಗೂ ಬೇಕಾಯ್ತು. ಇನ್ನೊಂದು, ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಮೇಲೆ ಕಾರನ್ನ ತೂಗಿಸ್ಕೊಂಡು ನಿಲ್ಲಿಸಬಾರದು. ಒಳಗಿರೋ ಕ್ಲಚ್ ಅರ್ಧ ಕಚ್ಚಿ ತೇಯ್ತಾ ಇರುತ್ತೆ, ಸ್ವಲ್ಪ ಹೊತ್ತಿನಲ್ಲಿ ಅದರ ಬಿಲ್ಲು ನಿಮ್ಮ ಕೈಗೆ ಬರುತ್ತೆ.

ಇಷ್ಟೆಲ್ಲಾ ಗೆದ್ದು ಮನೆ ಹತ್ತಿರ ಬಂದಾಗ ಸಂಜೆ ಏಳು ಗಂಟೆ. ನನ್ನ ಎದೆ ಸ್ವಲ್ಪ ಉಬ್ಬಿತ್ತು ಅಂತಲೇ ಹೇಳಬೇಕು.

ನಮ್ಮ ಮನೆ ರಸ್ತೆಯಿಂದ ಸ್ವಲ್ಪ ಎತ್ತರದಲ್ಲಿದೆ. ರಸ್ತೆಯಿಂದ ಅಂಗಳಕ್ಕೆ ಒಂದು ಏರು. ಅಂಗಳದಲ್ಲಿ ಕಾರು ತಿರುಗಿಸೋಕೆ ಜಾಗ ಇಲ್ಲ, ಅದಕ್ಕೆ ಓಮ್ನಿ ಕಾಲದಿಂದಲೂ ಕೆಳಗಿನಿಂದ ರಿವರ್ಸಿನಲ್ಲೇ ಹತ್ತಿಸಿ ಶೆಡ್ಡಿಗೆ ಹಾಕೋದು ಅಭ್ಯಾಸ. ಎಡಗಡೆ ಚರಂಡಿ, ಬಲಗಡೆ ಕಾಂಪೌಂಡ್ ಕಟ್ಟೋಕೆ ಅಂತ ತಂದು ಹಾಕಿದ ಕೆಂಪು ಕಲ್ಲಿನ ರಾಶಿ. (ಆ ಕಾಂಪೌಂಡ್ ಇವತ್ತಿನವರೆಗೂ ಕಟ್ಟಿಲ್ಲ.) ಏರಿನ ಕೆಳಗಿನ ಅರ್ಧ ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗಿರುತ್ತೆ. ಮೇಲಿನ ಅರ್ಧಕ್ಕೆ ಜಲ್ಲಿ ಹಾಕಿದಾರೆ.

ಅಪ್ಪ ಟಾರ್ಚ್ ಹಿಡಿದು, ಕೊಡೆ ಹಿಡಿದು ಕಾಯ್ತಾ ನಿಂತಿದ್ರು. ಅಮ್ಮ ಮುಂದಿನ ಸೀಟಲ್ಲಿ. ಪರೀಕ್ಷೆಗೆ ಅಂತ ಕಣ್ಣಿಗೆ ಡ್ರಾಪ್ಸ್ ಹಾಕಿದ್ರಿಂದ ಅವರಿಗೆ ಎಲ್ಲಾ ಮಸುಕು. ನಾನು ಆರ್ ಹಾಕಿದೆ. ಅಪ್ಪ ಕಾರಿನ ಹಿಂದೆ ಹೋಗಿ ನಿಂತು, ಮೂವತ್ತು ವರ್ಷದಿಂದ ಎಲ್ಲಾ ಲಾರಿ, ಟ್ರ್ಯಾಕ್ಟರಿಗೆ ಹೇಳಿದ ಹಾಗೆ, "ಬರ್ಲಿ... ಬರ್ಲಿ... ಸ್ವಲ್ಪ ಬಲಕ್ಕೆ... ಬರ್ಲಿ" ಅನ್ನೋಕೆ ಶುರು ಮಾಡಿದ್ರು. ಹಿಂದಿನ ಗಾಜಿನ ತುಂಬ ಮಳೆ ನೀರು. ಟಾರ್ಚಿನ ಬೆಳಕು ಅದರಲ್ಲಿ ಒಡೆದು ಹತ್ತು ಟಾರ್ಚ್ ಕಾಣ್ತಿತ್ತು, ಅಪ್ಪ ಮಾತ್ರ ಕಾಣ್ತಿರಲಿಲ್ಲ.

ಬ್ರೇಕ್ ಬಿಟ್ಟೆ. ಕಾರು ಹಿಂದಕ್ಕೆ ಬರೋ ಬದಲು ಮುಂದಕ್ಕೆ, ರಸ್ತೆ ಕಡೆಗೆ ಜಾರ್ತು. ಹ್ಯಾಂಡ್‌ಬ್ರೇಕ್ ಪಾಠ ಒಂದು ಗಂಟೆ ಹಿಂದಷ್ಟೇ ನೆನಪಾಗಿತ್ತು, ಮನೆ ಬಾಗಿಲಲ್ಲಿ ಯಾಕೆ ಬೇಕು ಅಂತ ಅನ್ನಿಸಿರಬೇಕು. ಆಕ್ಸಿಲರೇಟರ್ ಒತ್ತಿದೆ. ಪಾಚಿ ಮೇಲೆ ಚಕ್ರ ಸುಮ್ಮನೆ ತಿರುಗ್ತು. ಇನ್ನೂ ಒತ್ತಿದೆ. ಕಾರು ನಿಧಾನಕ್ಕೆ ಹಿಂದೆ ಬಂತು, ಬಂತು... ಜಲ್ಲಿ ಸಿಕ್ಕಿದ ಕೂಡಲೇ ಚಕ್ರ ಕಚ್ಚಿಕೊಂಡು ಕಾರು ನೆಗೀತು.

ಆಮೇಲೆ ಆಗಿದ್ದು ಎರಡು ಸೆಕೆಂಡ್ ಇರಬಹುದು. ನಾನು ಎಡಗಾಲನ್ನ ಜೋರಾಗಿ ಒತ್ತಿದೆ, ಕ್ಲಚ್ಚಿಗೆ. ಅಲ್ಲಿ ಕ್ಲಚ್ ಇಲ್ಲ, ಕಾಲು ಮ್ಯಾಟಿಗೆ ಬಡೀತು. ಬಲಗಾಲನ್ನೂ ಒತ್ತಿದೆ, ಬ್ರೇಕಿಗೆ. ಬ್ರೇಕ್ ಅಂತಲೇ ಅಂದುಕೊಂಡಿದ್ದೆ. ಎಂಜಿನ್ ಕಿರುಚಿತು. ಇನ್ನೂ ಒತ್ತಿದೆ, ಯಾಕಂದ್ರೆ ಬ್ರೇಕ್ ಹಿಡೀತಿಲ್ಲ ಅಂತ ಅನ್ನಿಸ್ತು. ಕಾರಿನ ಹಿಂಭಾಗ ಕಲ್ಲಿನ ರಾಶಿಗೆ ಗುದ್ದಿ ನಿಲ್ತು.

"ಬರ್ಲಿ" ನಿಂತುಹೋಗಿತ್ತು.

ನಾನು ಬಾಗಿಲು ತೆಗೆದು ಇಳಿಯೋಕೆ ಹೊರಟೆ. ಕಾರು ಇನ್ನೂ ಆರ್‌ನಲ್ಲಿದೆ, ಎಂಜಿನ್ ಓಡ್ತಿದೆ, ಅದರ ಪರಿವೆಯೇ ಇಲ್ಲ. ಆಗ ಚರಂಡಿ ಕಡೆಯಿಂದ ಅಪ್ಪನ ದನಿ ಬಂತು, ಸಿಟ್ಟಿಲ್ಲ, ಗಾಬರಿಯೂ ಇಲ್ಲ.

"ಹ್ಯಾಂಡ್‌ಬ್ರೇಕ್ ಹಾಕ್ಕಂಡು ಇಳಿ ಮಾರಾಯ."

ಅವರು ಪಕ್ಕಕ್ಕೆ ಹಾರಿದ್ರು, ಹಾರಿ ಜಾರಿ ಚರಂಡಿಗೆ ಬಿದ್ದಿದ್ರು. ಎಡಗೈ ಮಣಿಕಟ್ಟು ಊದಿಕೊಂಡಿತ್ತು, ಮುರಿದಿರಲಿಲ್ಲ. ಕೊಡೆ ಹಿಂದಿನ ಎಡ ಚಕ್ರದ ಕೆಳಗೆ ಇತ್ತು, ಕಡ್ಡಿಗಳೆಲ್ಲ ಜಲ್ಲಿಯಲ್ಲಿ ಹೂತು. ಅಮ್ಮ ಕಾರಿನೊಳಗಿಂದ "ಎಂತಾಯ್ತು? ಎಂತ ಶಬ್ದ?" ಅಂತ ಕೇಳ್ತಾನೇ ಇದ್ರು. "ಪಾಚಿ ಮೇಲೆ ಜಾರಿದೆ ಕಣೇ, ಇವ್ನು ಕಲ್ಲಿಗೆ ತಾಗಿಸ್ದ" ಅಂದ್ರು ಅಪ್ಪ. ಎರಡೂ ನಿಜ. ಮಧ್ಯದ್ದು ಮಾತ್ರ ಹೇಳಲಿಲ್ಲ. ನಾನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಕೈ ನಡುಗ್ತಾ ಇದ್ದದ್ದು ಅಮ್ಮನಿಗೆ ಕಾಣಲಿಲ್ಲ, ಕಣ್ಣು ಮಸುಕಿತ್ತಲ್ಲ.

ಅವತ್ತಿನಿಂದ ಎಷ್ಟೋ ರಾತ್ರಿ ಯೋಚನೆ ಮಾಡಿದೀನಿ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತೋದು ಹೆಂಗೆ ಸಾಧ್ಯ? ದಡ್ಡರು ಮಾಡೋ ತಪ್ಪಲ್ವಾ ಅದು?

ಹುಡುಕಿ ಓದಿದಾಗ ಗೊತ್ತಾಯ್ತು, ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಅಮೆರಿಕಾದಲ್ಲಿ 1980ರ ದಶಕದಲ್ಲಿ ಆಡಿ 5000 ಅನ್ನೋ ಕಾರು ತಾನೇ ತಾನಾಗಿ ನುಗ್ಗುತ್ತೆ ಅಂತ ದೊಡ್ಡ ಗಲಾಟೆ ಆಗಿತ್ತು. 1986ರಲ್ಲಿ ಟೀವಿಯಲ್ಲೂ ಬಂತು. "ನಾನು ಬ್ರೇಕ್ ಒತ್ತಿದ್ದೆ, ಕಾರು ನಿಲ್ಲಲಿಲ್ಲ" ಅಂತ ಓಡಿಸಿದವರು ಹೇಳ್ತಿದ್ರು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ತನಿಖೆ ಮಾಡಿ 1989ರಲ್ಲಿ ಕೊಟ್ಟ ವರದಿ ಪ್ರಕಾರ, ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಆಗಿದ್ದು ಪೆಡಲ್ ತಪ್ಪಿದ್ದು. ಅವರು ಸುಳ್ಳು ಹೇಳ್ತಿರಲಿಲ್ಲ. ಬ್ರೇಕ್ ಒತ್ತಿದೀವಿ ಅಂತ ನಿಜವಾಗಲೂ ನಂಬಿದ್ರು. ನನ್ನ ಹಾಗೇ. ಬ್ರೇಕ್ ಒತ್ತದೆ ಪಿಯಿಂದ ಗೇರ್ ತೆಗೆಯೋಕೇ ಆಗದ ಹಾಗೆ ಬೀಗ ಬಂದಿದ್ದು ಈ ಗಲಾಟೆ ಆದಮೇಲೆ. ಬ್ರೇಕ್ ಒತ್ತದೆ ಸ್ಟಾರ್ಟ್ ಆಗಲ್ಲ ಅಂತ ನನ್ನ ಕಾರಿನ ಮೇಲೆ ದಿನಾ ಗೊಣಗ್ತಿದ್ದೆ, ಈಗ ಗೊಣಗಲ್ಲ.

ರಿವರ್ಸಿನಲ್ಲಿ ಪೆಡಲ್ ತಪ್ಪೋದಕ್ಕೆ ಒಂದು ಕಾರಣ ನಮ್ಮ ಸೊಂಟ. ನೀವೂ ಕೂತು ನೋಡಿ. ಎಡಕ್ಕೆ ತಿರುಗಿ ಹಿಂದಿನ ಗಾಜು ನೋಡಿದ್ರೆ ಇಡೀ ದೇಹ ತಿರುಗುತ್ತೆ, ತೊಡೆ ಸರಿಯುತ್ತೆ, ಹಿಮ್ಮಡಿ ಬಲಕ್ಕೆ ಜಾರುತ್ತೆ. ಕಾಲಿಗೆ ಬ್ರೇಕ್ ಎಲ್ಲಿದೆ ಅನ್ನೋ ಲೆಕ್ಕ ತಪ್ಪೋದು ಹೀಗೆ. ಮ್ಯಾನುಯಲ್ ಕಾರಿನಲ್ಲಿ ಇದೇ ತಪ್ಪು ಮಾಡಿದ್ರೂ ಗಾಬರಿಯಲ್ಲಿ ಎಡಗಾಲು ಕ್ಲಚ್ ಒತ್ತಿಬಿಡುತ್ತೆ, ಎಂಜಿನ್ ಸುಮ್ಮನೆ ಕಿರುಚುತ್ತೆ ಅಷ್ಟೇ. ಕಾರು ನುಗ್ಗಲ್ಲ. ಇಪ್ಪತ್ತು ವರ್ಷ ಕ್ಲಚ್ ತುಳಿದವರನ್ನೂ ಗೊತ್ತಿಲ್ಲದೇ ಕಾಪಾಡ್ತಾ ಇದ್ದದ್ದು ಆ ಮೂರನೇ ಪೆಡಲ್ಲು. ಆಟೋಮ್ಯಾಟಿಕ್ಕಿನಲ್ಲಿ ಆ ಸೇಫ್ಟಿ ಇಲ್ಲ. ಇದರ ಬಗ್ಗೆ ಶೋರೂಮಿನಲ್ಲಿ ಯಾರೂ ಹೇಳಲ್ಲ.

ಇನ್ನೊಂದು ಸಂಗತಿ ಓದಿ ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಒಬ್ಬ ಮಕ್ಕಳ ಡಾಕ್ಟರು, ಗ್ರೆಗ್ ಗಲ್ಬ್ರಾನ್ಸನ್ ಅಂತ, ತಮ್ಮ ಮನೆ ಮುಂದೆ ಗಾಡಿ ರಿವರ್ಸ್ ತಗೊಳ್ಳೋವಾಗ ಅವರದೇ ಎರಡು ವರ್ಷದ ಮಗ ಕ್ಯಾಮರನ್ ಹಿಂದೆ ಇದ್ದ. ಮಗು ಉಳಿಯಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಒಂದು ಕಾನೂನು ಆಯ್ತು. 2018ರ ಮೇ ತಿಂಗಳಿಂದ ಅಮೆರಿಕಾದ ಎಲ್ಲಾ ಹೊಸ ಕಾರುಗಳಲ್ಲಿ ಹಿಂದಿನ ಕ್ಯಾಮೆರಾ ಕಡ್ಡಾಯವಾಗಿದ್ದು ಅದರಿಂದ. ಆ ನಿಯಮ ಮಾಡೋವಾಗ ಅಲ್ಲಿನ ಇಲಾಖೆ ಕೊಟ್ಟ ಲೆಕ್ಕ ಹೀಗಿತ್ತು: ರಿವರ್ಸ್ ಬರೋ ಗಾಡಿಗೆ ಸಿಕ್ಕಿ ವರ್ಷಕ್ಕೆ ಸುಮಾರು 210 ಜನ ಸಾಯ್ತಾರೆ. ಅದರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳು, 26 ಮಂದಿ ಎಪ್ಪತ್ತು ದಾಟಿದವರು. ಮಕ್ಕಳು ಕಾಣಲ್ಲ, ವಯಸ್ಸಾದವರು ಬೇಗ ಪಕ್ಕಕ್ಕೆ ಸರಿಯೋಕೆ ಆಗಲ್ಲ. ಅಪ್ಪನಿಗೆ ಅವತ್ತು ಅರವತ್ತೈದು, ಹೇಗೋ ಸರಿದ್ರು.

ಹ್ಯಾಂಡ್‌ಬ್ರೇಕ್ ವಿಷಯವೂ ಅಷ್ಟೇ. ಸ್ಟಾರ್ ಟ್ರೆಕ್ ಸಿನಿಮಾದ ನಟ ಆಂಟನ್ ಯೆಲ್ಚಿನ್, 27 ವರ್ಷ, ನನಗಿಂತ ಚಿಕ್ಕವನು. 2016ರ ಜೂನಿನಲ್ಲಿ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನಲ್ಲಿ ಕಾರಿನಿಂದ ಇಳಿದಿದ್ದ. ಕಾರು ಉರುಳಿ ಬಂದು ಅವನನ್ನ ಗೇಟಿನ ಕಂಬಕ್ಕೆ ಒತ್ತಿ ಕೊಂದಿತು. ಆ ಜಾತಿಯ ಕಾರಿನಲ್ಲಿ ಗೇರ್ ಯಾವುದರಲ್ಲಿದೆ ಅಂತ ಲಿವರ್ ನೋಡಿದ್ರೆ ಗೊತ್ತಾಗ್ತಿರಲಿಲ್ಲ ಅಂತ ಕಂಪನಿ ಅದೇ ವರ್ಷ ಏಪ್ರಿಲಿನಲ್ಲಿ ಸುಮಾರು 11 ಲಕ್ಷ ಗಾಡಿಗಳನ್ನ ರೀಕಾಲ್ ಮಾಡಿತ್ತು. ಚರಂಡಿಯಲ್ಲಿ ಬಿದ್ದುಕೊಂಡೇ ಅಪ್ಪ ಹ್ಯಾಂಡ್‌ಬ್ರೇಕ್ ಅಂದಿದ್ದು ಇದನ್ನ ಓದೋವಾಗ ನೆನಪಾಯ್ತು. ನಾನು ಹಾಗೇ ಇಳಿದಿದ್ರೆ ಕಾರು ಅಮ್ಮನನ್ನ ಕೂರಿಸಿಕೊಂಡು ಯಾವ ಕಡೆ ಹೋಗ್ತಿತ್ತೋ.

ಪಿ ಇರೋ ಕಾರಿನವರಿಗೆ ಒಂದು ಮಾತು. ಪಿ ಅಂದ್ರೆ ಬ್ರೇಕ್ ಅಲ್ಲ, ಗೇರ್ ಬಾಕ್ಸಿನೊಳಗೆ ಹಲ್ಲಿಗೆ ಸಿಕ್ಕಿಸೋ ಒಂದು ಸಣ್ಣ ಉಕ್ಕಿನ ಕೊಂಡಿ. ಇಳಿಜಾರಿನಲ್ಲಿ ಪೂರಾ ಕಾರಿನ ಭಾರ ಅದರ ಮೇಲೆ ಹಾಕಬಾರದು. ಬ್ರೇಕ್ ಒತ್ತಿಕೊಂಡೇ ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ ಕಾರು ಕೂತಮೇಲೆ ಮತ್ತೆ ಬ್ರೇಕ್ ಒತ್ತಿ ಪಿ. ನನ್ನಂಥ ಎಎಂಟಿಗಳಲ್ಲಿ ಹೆಚ್ಚಿನವಕ್ಕೆ ಪಿಯೇ ಇರಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲೇ ಆಫ್ ಮಾಡೋದು, ಏರಿನಲ್ಲಿ ಆದ್ರೆ ಚಕ್ರಕ್ಕೆ ಒಂದು ಕಲ್ಲೂ ಇಡೋದು.

ಬೆಂಗಳೂರಿಗೆ ವಾಪಸ್ ಬಂದಮೇಲೆ ಎರಡು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ಸೈಟುಗಳಿದ್ದ ಒಂದು ಲೇಔಟಿಗೆ ಹೋಗಿ ಬರೀ ರಿವರ್ಸ್ ಮಾಡಿದೀನಿ. ವಾಕಿಂಗ್ ಬರೋ ಅಂಕಲ್‌ಗಳು ಇವನಿಗೆ ಮುಂದಕ್ಕೆ ಓಡಿಸೋಕೆ ಬರಲ್ವೇನೋ ಅಂದುಕೊಂಡಿರಬೇಕು. ಅಲ್ಲಿ ರೂಢಿ ಮಾಡಿಕೊಂಡಿದ್ದು ಬಹಳ ಸಣ್ಣ ಸಣ್ಣ ವಿಷಯ. ಎಡಗಾಲನ್ನ ಸೀಟಿನ ಕಡೆಗೆ ಮಡಚಿ ಇಟ್ಟುಬಿಡೋದು, ಅದಕ್ಕೆ ಈ ಕಾರಿನಲ್ಲಿ ಕೆಲಸ ಇಲ್ಲ. ಬಲಗಾಲಿನ ಹಿಮ್ಮಡಿ ಬ್ರೇಕಿನ ಎದುರಿಗೇ ಊರಿರಬೇಕು. ಹಿಂದಕ್ಕೆ ತಿರುಗಿ ಕೂತ ಮೇಲೆ, ಗೇರ್ ಹಾಕೋ ಮುಂಚೆ, ಇನ್ನೊಂದು ಸಲ ಬ್ರೇಕ್ ಒತ್ತಿ ನೋಡೋದು. ರಾತ್ರಿಯಾದ್ರೆ ಹಿಂದಿನ ಗೋಡೆ ಕೆಂಪಾಗುತ್ತೆ, ಕಾಲಿನ ಕೆಳಗಿರೋದು ಬ್ರೇಕೇ ಅಂತ ಕಣ್ಣಿಗೂ ಗೊತ್ತಾಗುತ್ತೆ. ಸಮತಟ್ಟಿನಲ್ಲಿ ರಿವರ್ಸಿಗೆ ಆಕ್ಸಿಲರೇಟರ್ ಬೇಕೇ ಇಲ್ಲ, ಕಾರು ನಡೆಯೋ ವೇಗದಲ್ಲಿ ತಾನೇ ತೆವಳುತ್ತೆ, ಬ್ರೇಕನ್ನ ಸಡಿಲ ಬಿಗಿ ಮಾಡ್ತಾ ಹೋದ್ರೆ ಸಾಕು. ಏರಿನಲ್ಲಾದ್ರೆ ಹ್ಯಾಂಡ್‌ಬ್ರೇಕ್ ವಿದ್ಯೆ. ಚಕ್ರ ಜಾರೋಕೆ ಶುರುವಾದ್ರೆ ಇನ್ನೂ ಒತ್ತಬಾರದು. ನಿಲ್ಲಿಸಿ, ಇಳಿದು, ಚಕ್ರದ ಕೆಳಗೆ ಜಲ್ಲಿಯೋ ಗೋಣಿಚೀಲವೋ ಹಾಕಬೇಕು. ಮತ್ತೆ, ಕಾರು ಮಾತು ಕೇಳ್ತಿಲ್ಲ ಅನ್ನಿಸಿದ್ರೆ ಕೈ ಸೀದಾ ಎನ್‌ಗೆ ಹೋಗಬೇಕು. ಎಡಗಾಲಿನ ಹಳೇ ಕೆಲಸವನ್ನ ಎಡಗೈಗೆ ಕಲಿಸಿದೆ ಅಂತ ಇಟ್ಟುಕೊಳ್ಳಿ. ಇದನ್ನೊಂದನ್ನೇ ಐವತ್ತು ಸಲ ಮಾಡಿದೀನಿ.

ಕ್ಯಾಮೆರಾನೂ ಹಾಕಿಸಿದೆ. ಮಳೆಯಲ್ಲಿ ಅದರ ಕಣ್ಣಿನ ಮೇಲೆ ಒಂದು ಹನಿ ಕೂತ್ರೆ ಅಮ್ಮನ ಡ್ರಾಪ್ಸ್ ಕಥೆಯೇ. ಇಳಿದು ಹಿಂದೆ ಒಂದು ಸುತ್ತು ನೋಡಿ ಬರೋದನ್ನ ಬಿಟ್ಟಿಲ್ಲ.

ಇಷ್ಟೆಲ್ಲಾ ಆದಮೇಲೂ ಅಪ್ಪ ಕಲಿಸು ಅಂದಾಗ ಹೆದರಿಕೆ ಆಗಿದ್ದು ನಿಜ. ಅರವತ್ತಾರನೇ ವಯಸ್ಸು, ಮೂವತ್ತು ವರ್ಷ ಕ್ಲಚ್ ತುಳಿದ ಎಡಗಾಲು. ಒಂದು ವರ್ಷ ಬೆಂಗಳೂರಲ್ಲಿ ಓಡಿಸಿದ್ದ ನನ್ನ ಕಾಲೇ ತಪ್ಪಿತ್ತು. ಆದ್ರೆ ಬೇಡ ಅನ್ನೋಕೆ ನನಗೇನು ಹಕ್ಕು? ಹಿಂದೆ ನಿಂತಿದ್ದು ಅವರು.

2024ರ ಅಕ್ಟೋಬರ್, ದಸರಾ ರಜೆ. ಊರಿನ ಶಾಲೆ ಮೈದಾನ ಖಾಲಿ ಇತ್ತು. ಅಪ್ಪ ಎಡಗಾಲಿನ ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಇಟ್ಟರು. "ಬರಿಗಾಲಾದ್ರೆ ನೆನಪಿರತ್ತೆ, ಇದು ರಜೆ ಮೇಲೆ ಇದೆ ಅಂತ." ಆ ಉಪಾಯ ನನಗೆ ಹೊಳೆದಿರಲಿಲ್ಲ. ಮೊದಲ ಅರ್ಧ ಗಂಟೆ ಆಕ್ಸಿಲರೇಟರ್ ಮುಟ್ಟಲೇಬೇಡಿ ಅಂದೆ, ಮುಟ್ಟಲಿಲ್ಲ. ಎರಡು ಸಲ ಎಡಗಾಲು ಹಾರಿ ನೆಲಕ್ಕೆ ಬಡೀತು, ಎರಡು ಸಲವೂ ಅವರೇ ಬೈದುಕೊಂಡ್ರು. ಎನ್‌ಗೆ ಹಾಕೋ ಅಭ್ಯಾಸ ನನ್ನ ಐವತ್ತಕ್ಕೆ ಬದಲು ಅವರಿಗೆ ಹತ್ತರಲ್ಲಿ ಬಂತು.

ರಿವರ್ಸ್ ಹೊತ್ತಿಗೆ ನಾನು ಇಳಿದು, ಅಭ್ಯಾಸಬಲ, ಕಾರಿನ ಹಿಂದೆ ಹೋಗಿ ನಿಂತೆ. ಕಾರು ಅಲ್ಲಾಡಲಿಲ್ಲ. ಕಿಟಕಿ ಇಳಿಸಿ ಅಪ್ಪ ತಲೆ ಹೊರಗೆ ಹಾಕಿದ್ರು.

"ಹಿಂದೆ ನಿಲ್ಬೇಡ. ಈ ಕನ್ನಡೀಲಿ ನಿನ್ನ ಮುಖ ಕಾಣೋ ಹಾಗೆ ಪಕ್ಕಕ್ಕೆ ನಿಲ್ಲು. ನೀ ಕಾಣದಿದ್ರೆ ನಾ ನಿಲ್ಸ್‌ತೀನಿ."

ಬಲಗಡೆ, ಎಂಟು ಹತ್ತು ಅಡಿ ದೂರ ಹೋಗಿ ನಿಂತೆ. "ಬರ್ಲಿ" ಅಂದೆ. ಕಾರು ಬಂತು, ಬ್ರೇಕ್ ಲೈಟು ಹತ್ತಿ ಆರಿ ಹತ್ತಿ ಆರಿ. ಮೊದಲ ಸಲ ಗೋಲ್ ಪೋಸ್ಟಿನ ಕಡೆ ಸೊಟ್ಟಗೆ ಹೋಯ್ತು. ಎರಡನೇ ಸಲ ಪರವಾಗಿಲ್ಲ. ಮೂರನೇ ಸಲ ಸರಿಯಾಗಿ ಎರಡು ಕಲ್ಲಿನ ಮಧ್ಯೆ ಬಂದು ನಿಲ್ತು. ನಾಲ್ಕನೇದಕ್ಕೆ ಮಳೆ ಶುರುವಾಯ್ತು. ಕೊಡೆ ತಂದಿರಲಿಲ್ಲ, ಓಡಿ ಬಂದು ಎಡಗಡೆ ಸೀಟಿನಲ್ಲಿ ಕೂತೆ. ಮನೆವರೆಗೂ ಅವರೇ ಓಡಿಸಿದ್ರು, ಏರಿನ ಬುಡದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, "ಇಲ್ಲಿಂದ ನೀ ಹತ್ಸು" ಅಂತ ಕೀ ನನ್ನ ಕೈಗೆ ಕೊಟ್ಟು, ಅಂಗಳದ ಮೆಟ್ಟಿಲ ಮೇಲೆ ಹೋಗಿ ಕನ್ನಡಿಯಲ್ಲಿ ಕಾಣೋ ಹಾಗೆ ನಿಂತ್ಕೊಂಡ್ರು.